ಪಥ್ಯವೂ ನಾಲ್ಕು ತಾಲ್ಲೂಕುಗಳೂ

ಅರುವತ್ತೆಂಟು ವರ್ಷಗಳ ಕಾಲ ನಾನು ನನ್ನ ನಾಲಗೆಯನ್ನು ಬಳಸಿದ್ದೆನೇ ಹೊರತು ಒಂದು ದಿನವೂ ಅದನ್ನು ನೋಡಿರಲಿಲ್ಲ. ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ವಿಜ್ಞಾನದ ಪಾಠ ಹೇಳಿದ ನಾಲಗೆ ಅದು. ಹುಡುಗರನ್ನು ಗದರಿಸಿ, ಇನ್‌ಸ್ಪೆಕ್ಟರುಗಳನ್ನು ಹೊಗಳಿ, ಮನೆಯಲ್ಲಿ ಮಾತ್ರ ತೆಪ್ಪಗಿದ್ದ ನಾಲಗೆ. ಬಿಡದಿಯ ತಟ್ಟೆ ಇಡ್ಲಿಯನ್ನೂ ರಾಮನಗರದ ರಸಪುರಿ ಮಾವನ್ನೂ ಭೇದವೆಣಿಸದೆ ಪ್ರೀತಿಸಿದ ನಾಲಗೆ. ಒಂದು ಕಾರ್ತಿಕ ಮಾಸದ ಬೆಳಗ್ಗೆ ಕಾಫಿ ಕುಡಿದಾಗ ಅದು ಉರಿಯಿತು. ಕನ್ನಡಿಯ ಮುಂದೆ ನಿಂತು ಹೊರಚಾಚಿ ನೋಡಿದರೆ, ಗಟ್ಟಿ ಮೊಸರನ್ನು ಮೆತ್ತಿದ ಹಾಗೆ ಬೆಳ್ಳಗಿತ್ತು! ಕೆನ್ನೆಯ ಒಳಭಾಗದಲ್ಲಿಯೂ ಅದೇ ಬಿಳುಪು. ಒರೆಸಿದರೆ ಕೆಳಗೆ ಕೆಂಪಗೆ ಹುಣ್ಣಾದಂತೆ ಕಾಣುತ್ತಿತ್ತು.

“ಹಸುಮಕ್ಕಳಿಗೆ ಅಗ್ರ ಬಂದ ಹಾಗಿದೆ,” ಎಂದಳು ನನ್ನಾಕೆ. “ಈ ವಯಸ್ಸಿನಲ್ಲಿ ನಿಮಗೇಕೆ ಬಂತು?”

ಆ ಪ್ರಶ್ನೆಗೆ ಆಗಲೇ ಉತ್ತರ ಹುಡುಕಿದ್ದರೆ ಈ ಲೇಖನ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಆದರೆ ನಮ್ಮ ಸ್ವಭಾವ ವಿಚಿತ್ರವಾದದ್ದು. ‘ಏಕೆ ಬಂತು’ ಎಂದು ಕೇಳುವುದಕ್ಕೆ ಮೊದಲೇ ‘ಏನು ಬಿಡಬೇಕು’ ಎಂದು ಕೇಳುತ್ತೇವೆ.

ಮುಂದಿನದು ಅರ್ಥವಾಗಬೇಕಾದರೆ ನಮ್ಮ ಸಂಸಾರದ ಭೂಗೋಳವನ್ನು ವಾಚಕರು ತಿಳಿದಿರಬೇಕು. ನಾನು ಹುಟ್ಟಿದ್ದು ಮಾಗಡಿ ಸೀಮೆಯ ಒಂದು ಹಳ್ಳಿಯಲ್ಲಿ. ನನ್ನಾಕೆಯ ತವರು ಕನಕಪುರದ ಕಡೆ. ಹಿಂದಿನವರು ಕಾನಕಾನಹಳ್ಳಿ ಎಂದು ಕರೆಯುತ್ತಿದ್ದ ಊರು ಅದು. ಕೆಲಸದ ನಿಮಿತ್ತ ಬಂದು ನೆಲೆಸಿದ್ದು ರಾಮನಗರದಲ್ಲಿ. ಮಗಳನ್ನು ಕೊಟ್ಟಿರುವುದು ಚನ್ನಪಟ್ಟಣಕ್ಕೆ. ಸರ್ಕಾರವು 2007ರಲ್ಲಿ ಈ ನಾಲ್ಕು ತಾಲ್ಲೂಕುಗಳನ್ನು ಒಂದುಗೂಡಿಸಿ ಜಿಲ್ಲೆ ಮಾಡಿತು. ನಮ್ಮ ಮನೆಯ ಮಟ್ಟಿಗೆ ಆ ಕೆಲಸವನ್ನು ಮದುವೆಗಳೇ ಮಾಡಿದವು.

ನನ್ನಾಕೆಯ ಅಣ್ಣನ ಮಗ ಬೆಂಗಳೂರಿನಲ್ಲಿ ದೊಡ್ಡ ಸಂಬಳದ ಕೆಲಸದಲ್ಲಿದ್ದಾನೆ. ಆ ಭಾನುವಾರ ಮನೆಗೆ ಬಂದವನು ನನ್ನ ನಾಲಗೆಯನ್ನು ನೋಡಿ, “ಮಾವ, ಇದು ಕ್ಯಾಂಡಿಡಾ. ನಿಮ್ಮ ಹೊಟ್ಟೆಯಲ್ಲೆಲ್ಲಾ ಯೀಸ್ಟ್ ತುಂಬಿಕೊಂಡಿದೆ. ಅದಕ್ಕೆ ಆಹಾರ ಸಿಗದ ಹಾಗೆ ಮಾಡಿದರೆ ತಾನೇ ಸಾಯುತ್ತದೆ,” ಎಂದು ನಿಶ್ಚಯವಾಗಿ ನುಡಿದ. ಮರುದಿನವೇ ಎರಡು ಹಾಳೆಗಳ ಪಟ್ಟಿಯೊಂದು ಬಂದಿತು. ಸಕ್ಕರೆ, ಬೆಲ್ಲ, ಜೇನುತುಪ್ಪ ಬೇಡ. ಮೈದಾ, ಬ್ರೆಡ್ಡು, ಬಿಸ್ಕತ್ತು, ರವೆ ಬೇಡ. ಹಾಲು ಬೇಡ, ಕಾಫಿ ಬೇಡ. ಹಣ್ಣು ಯಾವುದೂ ಬೇಡ. ಉಪ್ಪಿನಕಾಯಿ, ಅಣಬೆ, ಕಡಲೆಕಾಯಿ ಬೇಡ. ಹುಳಿ ಬಂದದ್ದು, ಉಬ್ಬಿದ್ದು ಯಾವುದೂ ಬೇಡ. ಅಂದರೆ ಇಡ್ಲಿಯೂ ಇಲ್ಲ, ದೋಸೆಯೂ ಇಲ್ಲ. ಮೊಸರು ಮಾತ್ರ ಆಗಬಹುದು! ಹುಳಿ ಬಂದ ಹಿಟ್ಟು ಪಾಪಿಯಾದರೆ ಹುಳಿ ಬಂದ ಹಾಲು ಹೇಗೆ ಪುಣ್ಯವಂತನಾಯಿತೆಂದು ವಿಜ್ಞಾನದ ಮೇಷ್ಟರಾದ ನಾನು ಕೇಳಬೇಕಾಗಿತ್ತು. ಕೇಳಲಿಲ್ಲ.

ಹುಡುಗರಿಗೆ ಶಿಲೀಂಧ್ರಗಳ ಪಾಠವನ್ನು ನಾನೇ ಮಾಡುತ್ತಿದ್ದೆ. ಬ್ರೆಡ್ಡಿನ ಚೂರನ್ನು ನೆನೆಸಿ, ಗಾಜಿನ ಲೋಟ ಕವುಚಿ, ನಾಲ್ಕು ದಿನಗಳ ಮೇಲೆ ಬೂಷ್ಟನ್ನು ತೋರಿಸಿ, “ಪರೀಕ್ಷಿಸದೆ ಏನನ್ನೂ ನಂಬಬೇಡಿ,” ಎಂದು ವರ್ಷ ವರ್ಷವೂ ಉಪದೇಶಿಸುತ್ತಿದ್ದೆ. ಅಂಥವನು ಪಟ್ಟಿಯನ್ನು ಕಣ್ಣಿಗೊತ್ತಿಕೊಂಡು ಅಡಿಗೆಮನೆಯ ಗೋಡೆಗೆ ಅಂಟಿಸಿದೆ.

ಇದಕ್ಕೆ ಒಂದು ಕಾರಣವಿತ್ತು. ಅದನ್ನು ಆಗ ಯಾರಿಗೂ ಹೇಳಿರಲಿಲ್ಲ.

ನನ್ನ ತಂದೆಯವರಿಗೆ ಸಕ್ಕರೆ ಕಾಯಿಲೆ ಇತ್ತು. ಹೊಲದಲ್ಲಿ ಜಾಲಿಮುಳ್ಳು ಚುಚ್ಚಿದ್ದು ಅವರಿಗೆ ತಿಳಿಯಲಿಲ್ಲ. ತಿಳಿದ ಮೇಲೆ ನಮಗೆ ಹೇಳಲಿಲ್ಲ. 1988ರಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಮೊಣಕಾಲಿನಿಂದ ಕೆಳಗೆ ಕಾಲು ತೆಗೆದರು. ಮನೆಗೆ ಬಂದವರ ಕೈಯಲ್ಲಿಯೂ ಒಂದು ಪಟ್ಟಿ ಇತ್ತು. ಅನ್ನ ಬೇಡ, ಮುದ್ದೆ ಬೇಡ, ಬೆಲ್ಲ ಬೇಡ, ಹಣ್ಣು ಬೇಡ, ಚಪಾತಿ ತಿನ್ನಿ. ಆಯುಷ್ಯವಿಡೀ ಮುದ್ದೆ ನುಂಗಿದ ಮನುಷ್ಯ, ಹಲ್ಲಿಲ್ಲದ ಬಾಯಿಯಲ್ಲಿ ಒಣ ಚಪಾತಿಯನ್ನು ಅಗಿಯುತ್ತ, ಜಗಲಿಯ ಕಂಬಕ್ಕೊರಗಿ ರಾಗಿ ಹೊಲದ ಕಡೆ ನೋಡುತ್ತ ಕುಳಿತಿರುತ್ತಿದ್ದರು. ಮೂರು ವರ್ಷಕ್ಕೆ ತೀರಿಕೊಂಡರು. ಹಾಸಿಗೆಯನ್ನು ಎತ್ತಿದಾಗ ತಲೆದಿಂಬಿನ ಕೆಳಗೆ ಬಟ್ಟೆಯಲ್ಲಿ ಸುತ್ತಿದ ಬೆಲ್ಲದ ಅಚ್ಚು ಸಿಕ್ಕಿತು. ‘ಬೇಡ’ ಎಂದು ಅಪ್ಪನಿಗೆ ಹೇಳಿದವರು ನಾವು ಬಹಳ ಮಂದಿ ಇದ್ದೆವು. ‘ಇದನ್ನು ಉಣ್ಣಪ್ಪ, ಇದು ಚೆನ್ನಾಗಿದೆ’ ಎಂದು ಒಂದು ಒಳ್ಳೆಯ ಸಾರನ್ನು ಮುಂದಿಟ್ಟವರು ಒಬ್ಬರೂ ಇರಲಿಲ್ಲ.

ಅಂದಿನಿಂದ ರಕ್ತ ಪರೀಕ್ಷೆಯೆಂದರೆ ನನಗೆ ಎದೆ ನಡುಗುತ್ತಿತ್ತು. ನಿವೃತ್ತನಾದ ಮೇಲೆ ಒಮ್ಮೆಯೂ ಮಾಡಿಸಿರಲಿಲ್ಲ. ರಾತ್ರಿ ಮೂರು ಬಾರಿ ಎದ್ದು ನೀರು ಕುಡಿಯುವುದು ಸೆಕೆಯಿಂದ, ಮೈ ಇಳಿಯುತ್ತಿರುವುದು ವಾಯುವಿಹಾರದಿಂದ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಸೂಜಿಯಿಲ್ಲದೆ ವಾಸಿಮಾಡುವ ಪಟ್ಟಿಯೊಂದು ಮನೆಬಾಗಿಲಿಗೆ ಬಂದರೆ ಇಂಥವನು ಬಿಡುತ್ತಾನೆಯೆ?

ಪಥ್ಯ ಆರಂಭವಾಯಿತು. ಪಟ್ಟಿಯಲ್ಲಿ ಅನ್ನಕ್ಕೆ ನಿಷೇಧವಿರಲಿಲ್ಲ. ಆದ್ದರಿಂದ ಬೆಳಗ್ಗೆ ಅಕ್ಕಿ ರೊಟ್ಟಿ, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ. ಮೈಸೂರು ರಸ್ತೆಯಲ್ಲಿ ಬಸ್ಸು ಬಿಡದಿಯನ್ನು ಹಾಯುವಾಗ ತಟ್ಟೆ ಇಡ್ಲಿಯ ಹಬೆಯ ಕಡೆ ನೋಡದೆ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಕಾಫಿಯಿಲ್ಲದ ಬೆಳಗಿನಲ್ಲಿ ಪತ್ರಿಕೆಯ ಸುದ್ದಿಯೆಲ್ಲವೂ ಕೆಟ್ಟ ಸುದ್ದಿಯಾಗಿಯೇ ಕಾಣುತ್ತಿತ್ತು. ಮೂರು ವಾರ ಕಳೆಯಿತು. ನಾಲಗೆ ಮೊದಲಿಗಿಂತ ಬೆಳ್ಳಗಾಯಿತು.

ನಮ್ಮ ಬೀದಿಯ ಕೊನೆಯಲ್ಲಿ ಒಬ್ಬ ಗೌಡರಿದ್ದಾರೆ. ಹಳ್ಳಿಯಲ್ಲಿ ರೇಷ್ಮೆ ಹುಳು ಸಾಕಿ ರಾಮನಗರದ ಮಾರುಕಟ್ಟೆಗೆ ಗೂಡು ತರುವವರು. ಒಂದು ಸಂಜೆ ನನ್ನ ಕಥೆಯನ್ನೆಲ್ಲ ಕೇಳಿ, ನಾಲಗೆಯನ್ನು ಹುಳುವಿನ ತಟ್ಟೆಯನ್ನು ಪರೀಕ್ಷಿಸುವಂತೆಯೇ ಬಾಗಿ ನೋಡಿದರು.

“ಮೇಷ್ಟ್ರೇ, ನಮ್ಮ ಹುಳುಕ್ಕೂ ಹಿಂಗೇ ಸುಣ್ಣಕಟ್ಟು ಬರುತ್ತೆ. ಮೈಯೆಲ್ಲಾ ಬೆಳ್ಳಗೆ ಸುಣ್ಣ ಬಳಿದ ಹಂಗೆ ಆಗಿಬಿಡುತ್ತೆ. ಹಂಗಂತ ಸೊಪ್ಪು ಹಾಕೋದು ನಿಲ್ಲಿಸ್ತೀವಾ? ಸೊಪ್ಪು ನಿಲ್ಲಿಸಿದ್ರೆ ಹುಳು ಸಾಯುತ್ತೆ, ರೋಗ ಸಾಯೋದಿಲ್ಲ. ಹುಳುಮನೆ ಯಾಕೆ ತೇವ ಆಯ್ತು ಅಂತ ನೋಡ್ತೀವಿ.”

ಗೌಡರು ಹೋದ ಮೇಲೂ ಆ ಮಾತು ಜಗಲಿಯ ಮೇಲೆಯೇ ಕುಳಿತಿತ್ತು. ನನ್ನ ಮನೆ ಏಕೆ ತೇವವಾಯಿತು? ಉತ್ತರದ ಸುಳಿವು ನನಗಿತ್ತು. ಆದರೂ ಆಸ್ಪತ್ರೆಗೆ ಹೋದದ್ದು ನನ್ನ ಸಲುವಾಗಿ ಅಲ್ಲ. ಮಾರನೆಯ ಬೆಳಗ್ಗೆ ನೀರು ಹಿಡಿಯುತ್ತಿದ್ದ ನನ್ನಾಕೆ ಕಣ್ಣು ಕತ್ತಲಿಟ್ಟು ನಲ್ಲಿಯ ಬಳಿಯೇ ಕುಸಿದು ಕುಳಿತಳು.

ಅಂದೇ ತಿಳಿದದ್ದು: ನಾನು ಬಿಟ್ಟದ್ದನ್ನೆಲ್ಲ ಅವಳೂ ಬಿಟ್ಟಿದ್ದಳು. ಕಾಫಿ ಬಿಟ್ಟಿದ್ದಳು, ಹಾಲು ಬಿಟ್ಟಿದ್ದಳು. ಅಕ್ಕಿ ರೊಟ್ಟಿ ಅವಳಿಗೆ ಮೊದಲಿನಿಂದಲೂ ಆಗದು. ಇಡ್ಲಿಯೂ ಉಪ್ಪಿಟ್ಟೂ ಇಲ್ಲದೆ ಬೆಳಗಿನ ತಿಂಡಿಯನ್ನೇ ಬಿಟ್ಟಿದ್ದಳು. “ನಿಮ್ಮ ಎದುರಿಗೆ ನಾನೊಬ್ಬಳೇ ಹೇಗೆ ತಿನ್ನಲಿ?” ಎಂದಳು. ಮೂರು ವಾರಗಳಲ್ಲಿ ಅವಳ ಬಳೆಗಳು ಮೊಣಕೈವರೆಗೆ ಜಾರುವಷ್ಟು ಸಡಿಲವಾಗಿದ್ದುದನ್ನು, ನಾಲಗೆಯನ್ನು ದಿನಕ್ಕೆ ಹತ್ತು ಸಲ ಕನ್ನಡಿಯಲ್ಲಿ ನೋಡುತ್ತಿದ್ದ ನಾನು ಒಮ್ಮೆಯೂ ನೋಡಿರಲಿಲ್ಲ.

ವೈದ್ಯೆ ಚಿಕ್ಕ ವಯಸ್ಸಿನವರು. ನನ್ನಾಕೆಯನ್ನು ಪರೀಕ್ಷಿಸಿ, “ಅಮ್ಮ, ನಿಮಗೆ ಬೇಕಾಗಿರುವ ಔಷಧಿ ಊಟ,” ಎಂದರು. ಅನಂತರ ನನ್ನ ಕಡೆ ತಿರುಗಿ, “ಸಾರ್, ಮಾತನಾಡುವಾಗ ನಿಮ್ಮ ನಾಲಗೆ ಕಾಣುತ್ತಿದೆ. ಸಕ್ಕರೆ ಪರೀಕ್ಷೆ ಮಾಡಿಸಿ ಎಷ್ಟು ದಿನವಾಯಿತು?” ಎಂದು ಕೇಳಿದರು. ನನ್ನಾಕೆ ನನ್ನ ಮುಖವನ್ನೇ ನೋಡುತ್ತಿದ್ದಳು. ಸುಳ್ಳು ಹೇಳಲು ಆಗಲಿಲ್ಲ. ತೋಳನ್ನು ಚಾಚಿದೆ.

ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತಿಳಿಸುವ ಪರೀಕ್ಷೆಯೊಂದಿದೆ. ಅದರಲ್ಲಿ 6.5 ಅಥವಾ ಅದಕ್ಕೆ ಮೇಲಿದ್ದರೆ ಮಧುಮೇಹವೆಂದು ಲೆಕ್ಕ. ನನ್ನದು 9.6 ಇತ್ತು.

ವೈದ್ಯೆ ಸಮಾಧಾನದಿಂದ ವಿವರಿಸಿದರು. ಕ್ಯಾಂಡಿಡಾ ಎಂಬುದು ಹೊರಗಿನಿಂದ ನುಗ್ಗಿದ ಶತ್ರುವಲ್ಲ. ಬಹಳ ಜನರ ಬಾಯಿಯಲ್ಲಿ, ಕರುಳಿನಲ್ಲಿ, ಚರ್ಮದ ಮೇಲೆ ಯಾವ ಉಪದ್ರವವನ್ನೂ ಕೊಡದೆ ಬಾಡಿಗೆಗಿರುವ ಶಿಲೀಂಧ್ರ. ರಕ್ತದಲ್ಲಿ ಸಕ್ಕರೆ ಏರಿದರೆ ಎಂಜಲಿನಲ್ಲಿಯೂ ಏರುತ್ತದೆ, ಮೈಯ ರಕ್ಷಣಾ ಶಕ್ತಿಯೂ ಕುಂದುತ್ತದೆ. ಆಗ ಬಾಡಿಗೆಯವನು ಮನೆಯನ್ನೇ ಆಕ್ರಮಿಸುತ್ತಾನೆ. ಇದರ ಮೇಲೆ ಒಂದು ತಿಂಗಳ ಹಿಂದೆ ಎದೆಯ ಸೋಂಕಿಗೆಂದು ನಾನು ನುಂಗಿದ್ದ ಆಂಟಿಬಯೋಟಿಕ್ ಗುಳಿಗೆಗಳು, ಶಿಲೀಂಧ್ರವನ್ನು ಅಂಕೆಯಲ್ಲಿಟ್ಟಿದ್ದ ಬ್ಯಾಕ್ಟೀರಿಯಾಗಳನ್ನು ಕೊಂದಿದ್ದವು. ಮೂರನೆಯದು ನನ್ನ ಕಟ್ಟಿಸಿದ ಹಲ್ಲು. ಅದನ್ನು ರಾತ್ರಿಯೂ ತೆಗೆಯದೆ ಮಲಗುತ್ತಿದ್ದೆ. ಹಲ್ಲಿನ ಸೆಟ್ಟಿನ ಕೆಳಗಿನ ತೇವ ಶಿಲೀಂಧ್ರಕ್ಕೆ ಪ್ರಿಯವಾದ ತಾಣ. ಗೌಡರು ಕೇಳಿದ ಪ್ರಶ್ನೆಗೆ ಮೂರು ಉತ್ತರಗಳು ಒಟ್ಟಿಗೆ ಸಿಕ್ಕಿದಂತಾಯಿತು.

ಬಾಯಿಗೆ ಹಚ್ಚಿಕೊಳ್ಳಲು ಕ್ಲೋಟ್ರಿಮಜೋಲ್ ಎಂಬ ದ್ರವವನ್ನು ಎರಡು ವಾರಕ್ಕೆ ಬರೆದುಕೊಟ್ಟರು. ರಾತ್ರಿ ಹಲ್ಲನ್ನು ತೆಗೆದು ಉಜ್ಜಿ ನೀರಿನಲ್ಲಿ ನೆನೆಹಾಕಲು ಹೇಳಿದರು. ಸಕ್ಕರೆ ಕಾಯಿಲೆಗೆ ಗುಳಿಗೆ ಆರಂಭವಾಯಿತು. ನಾನು ಜೇಬಿನಿಂದ ಪಟ್ಟಿಯನ್ನು ತೆಗೆದು ತೋರಿಸಿದೆ. ಅವರು ಓದಿ ನಕ್ಕರು.

“ಸಾರ್, ಸಕ್ಕರೆ, ಮೈದಾ ಬಿಟ್ಟದ್ದು ನಿಮ್ಮ ಮಧುಮೇಹಕ್ಕೆ ಒಳ್ಳೆಯದೇ. ಆದರೆ ಊಟ ಬಿಟ್ಟರೆ ಕ್ಯಾಂಡಿಡಾ ಸಾಯುತ್ತದೆ ಅನ್ನುವುದಕ್ಕೆ ಒಳ್ಳೆಯ ಆಧಾರ ಇಲ್ಲ. ಇಡ್ಲಿ ಏನು ತಪ್ಪು ಮಾಡಿತು? ಆ ಹಿಟ್ಟನ್ನು ಉಬ್ಬಿಸುವುದು ಮುಖ್ಯವಾಗಿ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾ. ಹಬೆಯಲ್ಲಿ ಬೇಯುವಾಗ ಅದೂ ಸಾಯುತ್ತದೆ. ನೀವು ಹೆದರಬೇಕಾಗಿದ್ದದ್ದು ಮೂರು ಹೊತ್ತಿನ ಅನ್ನಕ್ಕೆ.”

ಮನೆಗೆ ಬಂದ ಮೇಲೆ ನನ್ನೊಳಗಿನ ಮೇಷ್ಟರು ನಾಚಿಕೆಯಿಂದ ಎದ್ದು ಪುಸ್ತಕ ತೆರೆದರು. ಶಿಲೀಂಧ್ರಕ್ಕೂ ನಮ್ಮ ರೇಷ್ಮೆ ಕಸುಬಿಗೂ ಹಳೆಯ ನಂಟು. ಗೌಡರು ಹೇಳಿದ ಸುಣ್ಣಕಟ್ಟು ರೋಗಕ್ಕೆ ಕಾರಣ ಒಂದು ಶಿಲೀಂಧ್ರವೆಂದು ಇಟಲಿಯ ಅಗೊಸ್ಟಿನೊ ಬಾಸಿ ಎಂಬಾತ 1835ರಲ್ಲಿ ತೋರಿಸಿಕೊಟ್ಟ. ಕಣ್ಣಿಗೆ ಕಾಣದ ಜೀವಿಯೊಂದು ಪ್ರಾಣಿಗೆ ರೋಗ ತರಬಲ್ಲುದೆಂಬುದಕ್ಕೆ ದೊರೆತ ಮೊದಲ ಸಾಕ್ಷ್ಯಗಳಲ್ಲಿ ಅದೊಂದು. ಪಾಶ್ಚರ್ ಮಹಾಶಯನು ರೇಷ್ಮೆ ಹುಳುವಿನ ರೋಗಗಳಿಗೆ ಕೈಹಾಕಿದ್ದು ಮೂವತ್ತು ವರ್ಷಗಳ ಅನಂತರ. ಕ್ಯಾಂಡಿಡಾವನ್ನು ಅಡಗಿಸುವ ನಿಸ್ಟಾಟಿನ್ ಎಂಬ ಔಷಧಿಯ ಕಥೆಯೂ ಸ್ವಾರಸ್ಯವಾದುದೇ. ಎಲಿಜಬೆತ್ ಹೇಜನ್ ನ್ಯೂಯಾರ್ಕ್ ನಗರದಲ್ಲಿ, ರೇಚಲ್ ಬ್ರೌನ್ ದೂರದ ಆಲ್ಬನಿಯಲ್ಲಿ. ಈ ಇಬ್ಬರು ಮಹಿಳೆಯರು ಅಂಚೆಯ ಮೂಲಕ ಮಾದರಿಗಳನ್ನು ಕಳುಹಿಸಿಕೊಳ್ಳುತ್ತ, ತೋಟದ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯೊಂದರಿಂದ ಆ ಔಷಧಿಯನ್ನು ಹೊರತೆಗೆದು 1950ರಲ್ಲಿ ಪ್ರಕಟಿಸಿದರು. ಅದರಿಂದ ಬಂದ ಗೌರವಧನವನ್ನು ಸ್ವಂತಕ್ಕಿಟ್ಟುಕೊಳ್ಳದೆ ವಿಜ್ಞಾನದ ಸಂಶೋಧನೆಗೇ ಬಿಟ್ಟುಕೊಟ್ಟರು. ನನ್ನ ಗೋಡೆಯ ಪಟ್ಟಿಯಂಥವು ಅಮೆರಿಕದಲ್ಲಿ ಜನಪ್ರಿಯವಾದದ್ದು 1980ರ ದಶಕದ ಪುಸ್ತಕಗಳಿಂದ. ಹೊಟ್ಟೆಯ ಯೀಸ್ಟೇ ಎಲ್ಲ ಬೇನೆಗಳಿಗೂ ಮೂಲವೆಂಬ ವಾದವು ಪ್ರಮಾಣವಿಲ್ಲದ ಊಹೆಯೆಂದು ಅಲ್ಲಿನ ಅಲರ್ಜಿ ತಜ್ಞರ ಸಂಘವೇ 1986ರಲ್ಲಿ ಸಾರಿತ್ತು.

ಇರಲಿ. ಔಷಧಿ ತನ್ನ ಕೆಲಸವನ್ನು ಮಾಡಿತು. ಎರಡು ವಾರಗಳಲ್ಲಿ ನಾಲಗೆ ಮತ್ತೆ ಕೆಂಪಾಯಿತು. ಉಳಿದದ್ದು ಸಕ್ಕರೆಯ ಪ್ರಶ್ನೆ. ಅದು ಎರಡು ವಾರದ ಮಾತಲ್ಲ, ಬದುಕಿರುವವರೆಗಿನ ಮಾತು. ಆಸ್ಪತ್ರೆಯಿಂದ ಹೊರಡುವಾಗ ನಾನು ವೈದ್ಯೆಯನ್ನು ಕೇಳಿದ್ದೆ: “ಏನೇನು ಬಿಡಬೇಕು?” ನನ್ನಾಕೆ ಮಧ್ಯೆ ಬಾಯಿಹಾಕಿ, “ಅದು ಬೇಡ ತಾಯಿ. ಏನೇನು ಉಣ್ಣಬಹುದು, ಅದನ್ನು ಹೇಳಿ,” ಎಂದಳು.

ಆ ಒಂದು ಪ್ರಶ್ನೆಯನ್ನು 1988ರಲ್ಲಿ ನಮ್ಮಲ್ಲಿ ಯಾರಾದರೂ ಕೇಳಬಾರದಾಗಿತ್ತೆ ಎಂದು ಬಸ್ಸಿನಲ್ಲಿ ಬರುವಾಗ ನನಗೆ ಅನ್ನಿಸಿತು. ಕಿಟಕಿಯ ಕಡೆ ಮುಖ ಮಾಡಿ ಕುಳಿತೆ.

ವೈದ್ಯೆ ಹೇಳಿದ್ದು ಸರಳವಾಗಿತ್ತು. ತಟ್ಟೆಯ ಅರ್ಧಭಾಗ ಸೊಪ್ಪು ತರಕಾರಿ. ಕಾಲುಭಾಗ ಕಾಳು, ಬೇಳೆ, ಮೊಟ್ಟೆ, ಮೀನು ಅಥವಾ ಕೋಳಿ. ಉಳಿದ ಕಾಲುಭಾಗ ಮಾತ್ರ ರಾಗಿಯೋ ಅನ್ನವೋ. “ಇಷ್ಟೇ ಆದರೆ ನಮ್ಮ ಅತ್ತೆಯ ಮನೆಯ ಊಟವೇ ಆಯಿತಲ್ಲ!” ಎಂದಳು ನನ್ನಾಕೆ. ಗೋಡೆಯ ಪಟ್ಟಿಯನ್ನು ಅಂದೇ ಕಿತ್ತು ಒಲೆ ಒರೆಸಿದಳು.

ಅವಳ ಅತ್ತೆ ಎಂದರೆ ನನ್ನ ತಾಯಿ. ಮಾಗಡಿಯ ಕಡೆ ರಾಗಿ ಹೊಲದಲ್ಲಿ ಬರಿಯ ರಾಗಿಯನ್ನು ಬಿತ್ತುತ್ತಿರಲಿಲ್ಲ. ಕೆಲವು ಸಾಲು ರಾಗಿಯಾದ ಮೇಲೆ ಒಂದು ಅಕ್ಕಡಿ ಸಾಲು: ಅವರೆ, ತೊಗರಿ, ಜೋಳ, ಹುಚ್ಚೆಳ್ಳು. ಕಾರ್ತಿಕದ ಹೊತ್ತಿಗೆ ತೆನೆ ಬಾಗಿದ ರಾಗಿಯ ನಡುವೆ ಹುಚ್ಚೆಳ್ಳಿನ ಹಳದಿ ಹೂವು ಅರಿಸಿನದ ಗೆರೆ ಎಳೆದಂತೆ ಕಾಣುತ್ತಿತ್ತು. ಬಾಲ್ಯದಲ್ಲಿ ಅದು ನನಗೆ ಚೆಂದವಾಗಿ ಕಂಡಿತ್ತೇ ಹೊರತು ಅದರ ಅರ್ಥ ಹೊಳೆದಿರಲಿಲ್ಲ. ಒಂದೇ ಹೊಲದಲ್ಲಿ ಮುದ್ದೆಯೂ ಇದೆ, ಅದಕ್ಕೆ ಬೇಕಾದ ಸಾರಿನ ಕಾಳೂ ಇದೆ, ನಂಜಿಕೊಳ್ಳುವ ಚಟ್ನಿಯ ಎಳ್ಳೂ ಇದೆ. ಸಾಲಿನ ನಡುವೆ ತಾನೇ ಹುಟ್ಟಿದ ಸೊಪ್ಪೂ ಇದೆ. ವೈದ್ಯೆ ತಟ್ಟೆಯ ಮೇಲೆ ಎಳೆದ ಗೆರೆಗಳನ್ನು ನಮ್ಮ ಹಿರಿಯರು ನೇಗಿಲಿನಿಂದ ಮಣ್ಣಿನ ಮೇಲೆ ಎಳೆದಿದ್ದರು.

ರಾಮನಗರಕ್ಕೆ ಬಂದು ಮೇಷ್ಟರಾದ ಮೇಲೆ ಈ ಊಟ ನನಗೆ ಸಂಕೋಚದ ವಿಷಯವಾಯಿತು. ಶಾಲೆಯ ಡಬ್ಬಿಯಲ್ಲಿ ಮುದ್ದೆ ಒಯ್ಯುವುದುಂಟೆ? ಮೊದಲು ಡಬ್ಬಿಯಿಂದ ಹೋಯಿತು; ಅನಂತರ ಮಧ್ಯಾಹ್ನದಿಂದ ಹೋಯಿತು; ಕೊನೆಗೆ ರಾತ್ರಿಯಿಂದಲೂ ಹೋಯಿತು. ಹಿಟ್ಟಿನ ಕೋಲು ಅಟ್ಟ ಸೇರಿತು. ಈಗ ಅದನ್ನು ಇಳಿಸಿ, ತೊಳೆದು, ಬಿಸಿಲಿಗಿಟ್ಟೆವು.

ಮೊದಲ ಮುದ್ದೆಯ ದಿನ ಮಾಡಿದ್ದು ಕನಕಪುರದ ಸೀಮೆಯ ಉಪ್ಪುಸಾರು. ಹುರುಳಿಕಾಳನ್ನು ಉಪ್ಪು ಹಾಕಿ ಬೇಯಿಸಿ, ಅರ್ಧ ಬೆಂದಾಗ ದಂಟಿನ ಸೊಪ್ಪನ್ನು ಸೇರಿಸಿ, ಬೆಂದ ಮೇಲೆ ನೀರನ್ನು ಬಸಿದುಕೊಳ್ಳಬೇಕು. ಆ ಬಸಿದ ನೀರೇ ಸಾರು. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಕೊತ್ತಂಬರಿ ಸೊಪ್ಪು, ಚೂರು ಹುಣಿಸೆಹಣ್ಣು ಇಷ್ಟನ್ನು ಒರಳಿನಲ್ಲಿ ಅರೆದರೆ ಖಾರ. ತಟ್ಟೆಯ ಅಂಚಿನಲ್ಲಿ ಒಂದು ಉಂಡೆ ಖಾರವನ್ನಿಟ್ಟುಕೊಂಡು, ಬಿಸಿನೀರಿಗೆ ತನಗೆ ಬೇಕಾದಷ್ಟನ್ನು ಕದಡಿಕೊಳ್ಳುವುದು. ಕಾಳು ಸೊಪ್ಪಿಗೆ ಈರುಳ್ಳಿಯ ಒಗ್ಗರಣೆ, ಮೇಲೆ ಕಾಯಿತುರಿ; ಅದು ಪಲ್ಯ. ಒಂದು ಪಾತ್ರೆಯಿಂದ ಎರಡು ವ್ಯಂಜನ. ಎಣ್ಣೆ ಒಂದು ಚಮಚ. ಸಕ್ಕರೆ ಬೆಲ್ಲಗಳ ಸುಳಿವೇ ಇಲ್ಲ. ಪಥ್ಯದ ಪಟ್ಟಿ ಬರೆದವನು ಇದನ್ನು ಉಂಡಿದ್ದರೆ ಪಟ್ಟಿಯನ್ನು ಬಿಟ್ಟು ಪದ್ಯ ಬರೆಯುತ್ತಿದ್ದನು.

ಮರುದಿನ ಅದೇ ಬಸಿದ ನೀರಿಗೆ, ಸುಟ್ಟ ಈರುಳ್ಳಿ, ಕಾಯಿ, ಮಸಾಲೆಯೊಂದಿಗೆ ಒಂದು ಹಿಡಿ ಬೆಂದ ಕಾಳನ್ನೂ ಅರೆದು ಹಾಕಿ ಕುದಿಸಿದರೆ ಬಸ್ಸಾರು. ಬಸ್ಸಾರಿಗೆ ವಯಸ್ಸಾದಷ್ಟೂ ರುಚಿ. ಮೇಷ್ಟರುಗಳಿಗೆ ಈ ಗುಣವಿಲ್ಲ.

ಪುಷ್ಯ ಮಾಸದ ಚಳಿ ಇಳಿಯಿತು. ಇಬ್ಬನಿ ಬಿದ್ದಷ್ಟೂ ಅವರೆಯ ಸೊಗಡು ಏರುತ್ತದೆಂಬುದು ಮಾಗಡಿಯವರ ನಂಬಿಕೆ. ಬೆಂಗಳೂರಿನ ಬೀದಿಗಳಲ್ಲಿ ‘ಮಾಗಡಿ ಅವರೆ’ ಎಂದು ಕೂಗಿ ಮಾರುವುದು ಸುಮ್ಮನೆ ಅಲ್ಲ. ಊರಿನಿಂದ ತಮ್ಮ ಒಂದು ಚೀಲ ಕಾಯಿ ಕಳುಹಿಸಿದ. ಸಂಜೆಯ ಹೊತ್ತು ನಾವಿಬ್ಬರೂ ಮೊರ ಮುಂದಿಟ್ಟುಕೊಂಡು ಸುಲಿಯುತ್ತ ಕುಳಿತೆವು. ರಾತ್ರಿ ನೆನೆಹಾಕಿದ ಕಾಳನ್ನು ಬೆಳಗ್ಗೆ ಎರಡು ಬೆರಳಿನ ನಡುವೆ ಹಿತುಕಿದರೆ ಬೇಳೆ ಪುಟಕ್ಕನೆ ಚಿಮ್ಮಿ ಪಾತ್ರೆಗೆ ಬೀಳುತ್ತದೆ. ಕೆಲವು ಕನ್ನಡಕಕ್ಕೂ ಬೀಳುತ್ತವೆ. ಹಿತುಕಿದ ಅವರೆಯ ಸಾರಿನ ಸೊಗಡು ಎರಡು ದಿನ ಕೈಬಿಡಲಿಲ್ಲ. ಅಪ್ಪನ ಕೈಗಳಿಗೂ ಆ ತಿಂಗಳೆಲ್ಲ ಅದೇ ವಾಸನೆ ಇರುತ್ತಿತ್ತು.

ಮುಂಗಾರಿನಲ್ಲಿ ಬೆರಕೆ ಸೊಪ್ಪು. ಅಂಗಡಿಯಲ್ಲಿ ಹೆಸರು ಹೇಳಿ ಕೊಳ್ಳುವ ಸೊಪ್ಪಲ್ಲ ಇದು. ಅಣ್ಣೆ, ಗೋಣಿ, ಕನ್ನೆ, ಹೊನಗೊನೆ ಎಂದು ಹೊಲದ ಬದುವಿನಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಕೂಡಿಸಿ ತೊಗರಿಬೇಳೆಯೊಡನೆ ಬೇಯಿಸಿ ಮಸೆದರೆ ಮಸ್ಸೊಪ್ಪು. ಯಾವ ಸೊಪ್ಪು ತಿನ್ನತಕ್ಕದ್ದು, ಯಾವುದು ಅಲ್ಲ ಎಂಬ ವಿದ್ಯೆ ನಮ್ಮ ಅತ್ತೆಯವರಿಗೆ ಕರಗತ. ಎಂಬತ್ತಾರು ದಾಟಿದ ಅವರು ಕನಕಪುರದ ಸಂತೆಯ ದಿನ ಮಗಳಿಗೆಂದು ಒಂದು ಕಟ್ಟು ಕಳುಹಿಸದೆ ಇರುವುದಿಲ್ಲ.

ಅಕ್ಕಿ ರೊಟ್ಟಿಯ ಜಾಗಕ್ಕೆ ಈರುಳ್ಳಿ, ಸಬ್ಬಸಿಗೆ, ನುಗ್ಗೆಸೊಪ್ಪು ತುಂಬಿದ ರಾಗಿ ರೊಟ್ಟಿ ಬಂದಿತು; ಜೊತೆಗೆ ಹುರಿದು ಕುಟ್ಟಿದ ಹುಚ್ಚೆಳ್ಳಿನ ಚಟ್ನಿಪುಡಿ. ಭಾನುವಾರ ನಾಟಿಕೋಳಿ ಸಾರು ಉಂಟು. ಅದಕ್ಕೆ ಯಾವ ಪಟ್ಟಿಯ ಆಕ್ಷೇಪಣೆಯೂ ಇರಲಿಲ್ಲ. ತಟ್ಟೆ ಇಡ್ಲಿಯೊಡನೆ ನನಗೆ ರಾಜಿಯಾಗಿದೆ: ತಿಂಗಳಿಗೊಮ್ಮೆ, ಒಂದೇ ಒಂದು, ಚಟ್ನಿ ಎರಡು ಸಲ.

ಒಂದು ಎಚ್ಚರಿಕೆಯನ್ನು ಮಾತ್ರ ಹೇಳಲೇಬೇಕು. ರಾಗಿಯೆಂದರೆ ಮಂತ್ರವಲ್ಲ. ನೂರ ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದೂ, ನಾರು ಹೆಚ್ಚಾಗಿರುವುದೂ ನಿಜ. ಆದರೆ ಅದೂ ಪಿಷ್ಟವೇ. ಮೊದಲ ಉತ್ಸಾಹದಲ್ಲಿ ಎರಡು ದೊಡ್ಡ ಮುದ್ದೆ ನುಂಗಿ ಪರೀಕ್ಷಿಸಿಕೊಂಡಾಗ ಸಕ್ಕರೆ ಏರಿಯೇ ಇತ್ತು. ನಮ್ಮ ತಾತಂದಿರು ಮೂರು ಮುದ್ದೆ ಉಂಡು ಸೂರ್ಯ ಮುಳುಗುವವರೆಗೆ ಗುದ್ದಲಿ ಹಿಡಿಯುತ್ತಿದ್ದರು. ನಾನು ಪತ್ರಿಕೆ ಹಿಡಿಯುತ್ತೇನೆ. ಆದ್ದರಿಂದ ನನ್ನ ಪಾಲಿಗೆ ಕಿತ್ತಳೆಯ ಗಾತ್ರದ ಒಂದು ಮುದ್ದೆ, ಅದರ ಎರಡರಷ್ಟು ಸೊಪ್ಪು, ಊಟದ ಮೇಲೆ ಅರ್ಧ ಗಂಟೆಯ ನಡಿಗೆ. ಗುಳಿಗೆಯನ್ನು ಒಂದು ದಿನವೂ ತಪ್ಪಿಸಿಲ್ಲ. ಆರು ತಿಂಗಳ ಮೇಲೆ ಆ 9.6 ಎಂಬುದು 6.9ಕ್ಕೆ ಇಳಿದಿತ್ತು. ನನ್ನಾಕೆಯ ಬಳೆಗಳು ಮಣಿಕಟ್ಟಿಗೆ ಮರಳಿವೆ. ಅದು ನನ್ನ ಎರಡನೆಯ ಪರೀಕ್ಷೆ. ಅದನ್ನು ಈಗ ಪ್ರತಿದಿನವೂ ನೋಡುತ್ತೇನೆ.

ವೈಶಾಖದಲ್ಲಿ ಚನ್ನಪಟ್ಟಣಕ್ಕೆ ಹೋಗಿದ್ದೆವು. ಮಾವಿನ ಕಾಲ. ದಾರಿಯುದ್ದಕ್ಕೂ ಬಾದಾಮಿ, ರಸಪುರಿ, ಸೇಂದೂರಗಳ ರಾಶಿ. ಮೊಮ್ಮಗಳಿಗೆ ಆರು ವರ್ಷ. ಆ ಊರಿನ ಮಗುವಿಗೆ ಗೊಂಬೆಗೆ ಬರವೆ? ಹಾಲೆ ಮರವನ್ನು ಕಡೆದು ಅರಗಿನ ಬಣ್ಣ ಹಚ್ಚಿದ ಪುಟ್ಟ ಅಡಿಗೆ ಸಾಮಾನನ್ನೆಲ್ಲ ಹರಡಿಕೊಂಡು ಕುಳಿತಿದ್ದಳು. ಅಪ್ಪ ಎಂದರೆ ಪಥ್ಯದವನು ಎಂದು ಮಗಳು ಹೇಳಿದ್ದಳೆಂದು ಕಾಣುತ್ತದೆ. ಎಲ್ಲರೂ ಮಾವಿನಹಣ್ಣು ತಿನ್ನುತ್ತಿರುವಾಗ ಮಗು ಗಂಭೀರವಾಗಿ ನನ್ನ ಬಳಿಗೆ ಬಂದು, ಹಳದಿಯ ಮರದ ತಟ್ಟೆಯಲ್ಲಿ ಕೆಂಪು ಮರದ ಗುಂಡೊಂದನ್ನಿಟ್ಟು, “ತಾತ, ನಿನಗೆ ಲಾಡು. ಇದರಲ್ಲಿ ಸಕ್ಕರೆ ಇಲ್ಲ,” ಎಂದಳು.

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಅಪ್ಪನ ತಲೆದಿಂಬಿನ ಕೆಳಗಿದ್ದ ಬೆಲ್ಲದ ಅಚ್ಚು ನೆನಪಿಗೆ ಬಂದಿತು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ವೈದ್ಯೆ ಅನುಮತಿಸಿದ್ದ ಒಂದು ಹೋಳು ರಸಪುರಿಯನ್ನು, ಎಲ್ಲರ ಎದುರಿಗೆ, ಕದಿಯದೆ, ಹೆದರದೆ, ನಿಧಾನವಾಗಿ ತಿಂದೆ. ಒಂದೇ ಹೋಳು. ಹಿಂದೆ ನಾಲ್ಕು ಹಣ್ಣು ತಿಂದಾಗಲೂ ಅಷ್ಟು ರುಚಿ ತಿಳಿದಿರಲಿಲ್ಲ.

ಸಂಸ್ಕೃತದಲ್ಲಿ ಪಥವೆಂದರೆ ದಾರಿ. ಪಥ್ಯವೆಂದರೆ ದಾರಿಗೆ ಹಿತವಾದದ್ದು. ನಾವು ಅದಕ್ಕೆ ‘ಬಿಡುವುದು’ ಎಂಬ ಅರ್ಥವನ್ನು ಎಂದು ಅಂಟಿಸಿದೆವೋ ಕಾಣೆ. ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾದರೆ ವಾಚಕರು ದಯವಿಟ್ಟು ಮೊದಲು ಕಾರಣವನ್ನು ಪರೀಕ್ಷೆ ಮಾಡಿಸಲಿ; ಅನಂತರ, ಬೇಡದ್ದರ ಪಟ್ಟಿಯ ಪಕ್ಕದಲ್ಲಿಯೇ ಬೇಕಾದದ್ದರ ಪಟ್ಟಿಯನ್ನೂ ಬರೆಯಲಿ. ಎರಡನೆಯದು ಕೊಂಚ ಉದ್ದವಾಗಿಯೇ ಇರಲಿ.

ಇನ್ನೂ ಹೇಳುವುದಿತ್ತು. ಆದರೆ ಒಳಗಿನಿಂದ ಎರಡನೆಯ ಸಲ ಕೂಗು ಬಂದಿದೆ: “ಏನೂಂದ್ರೆ, ಹಿಟ್ಟು ಆರುತ್ತೆ!” ಲೇಖನವನ್ನು ನಾಳೆ ತಿದ್ದಬಹುದು, ಆರಿದ ಮುದ್ದೆಯನ್ನು ಬ್ರಹ್ಮನೂ ತಿದ್ದಲಾರ. ವಾಚಕರು ಅಪ್ಪಣೆ ಕೊಡಬೇಕು.